ಚಿಕ್ಕಬಸಪ್ಪನ ಸೇವಂತಿಗೆ ಹೊಲ

ಕೊಂಡ್ಲಹಳ್ಳಿಯ ತಿಪ್ಪೇರುದ್ರಮ್ಮ ಸಿಟ್ಟು ಬಂದರೆ ಕೂಗಾಡುವವಳಲ್ಲ, ಸುಮ್ಮನಾಗುವವಳು. ಊರವರು ಹೆದರುವುದೂ ಅದಕ್ಕೇ.

ಮದುವೆಯಾಗಿ ರಾಂಪುರದಿಂದ ಬರುವಾಗ ಅವಳವ್ವ ಮಡಿಲಕ್ಕಿಯ ಜೊತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೇವಂತಿಗೆ ಮರಿಗಳನ್ನೂ ಇಟ್ಟು ಕಳಿಸಿದ್ದಳು. ಅಚ್ಚ ಅರಿಶಿನ ಬಣ್ಣ, ನಡುವೆ ಚೂರು ಕೆಂಪು. ಕಟ್ಟಿದ ಹಾರ ಮೂರು ದಿನವಾದರೂ ಬಾಡದು. ಅಂಥ ಹೂವು ಸುತ್ತಮುತ್ತ ಇನ್ಯಾರ ಹೊಲದಲ್ಲೂ ಇರಲಿಲ್ಲ. ಹೂವಿನ ಕಾಲ ಮುಗಿದ ಮೇಲೆ ತಾಯಿಗಿಡಗಳನ್ನು ಹಿತ್ತಲಿನ ಒಂದೇ ಮಡಿಯಲ್ಲಿಟ್ಟು, ಬೇಸಿಗೆಯಿಡೀ ಕೊಡದಲ್ಲಿ ನೀರು ಹೊತ್ತು ಬದುಕಿಸಿ, ಮಳೆ ಬಂದಾಗ ಬುಡದ ಮರಿ ಬಿಡಿಸಿ ನೆಡುವಳು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಹೋದ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಕಾರ್ಯ ಮುಗಿಸಿ ಬರುವಷ್ಟರಲ್ಲಿ ಮಡಿ ಬರಿದು. ಒಂದು ಬೇರನ್ನೂ ಬಿಟ್ಟಿರಲಿಲ್ಲ, ಹಾಳಾದವನು! ಪಕ್ಕದ ಹೊಲದ ಚಿಕ್ಕಬಸಪ್ಪ, ಗಂಡನ ದೊಡ್ಡಪ್ಪನ ಮಗ, ಮಳೆ ಬೀಳುತ್ತಲೇ ಅವೇ ಮರಿಗಳನ್ನು ಅರ್ಧ ಎಕರೆಗೆ ನೆಟ್ಟ.

ಕೇಳಲು ಹೋದರೆ, "ಗಿಡದ ಮೇಲೆ ನಿನ್ನ ಹೆಸರು ಬರ್ದೈತೇನಮ್ಮಾ?" ಎಂದು ನಕ್ಕ. ಅವನಿಗೆ ಬುದ್ಧಿ ಕಲಿಸದೆ ಬಿಡುವುದಿಲ್ಲ ಎಂದು ರುದ್ರಮ್ಮ ಅಂದೇ ಹಲ್ಲು ಕಚ್ಚಿದಳು.

ತಾನೇ ಕದ್ದವನಲ್ಲವೇ, ಅವನಿಗೆ ಕಳ್ಳರ ಭಯ. ಹೊಲದ ನಾಲ್ಕೂ ಮೂಲೆಗೆ ಕಂಬ ನೆಟ್ಟು ದೊಡ್ಡ ದೊಡ್ಡ ಲೈಟು ಹಾಕಿಸಿದ. ಸಂಜೆಯಿಂದ ಬೆಳಗಿನವರೆಗೂ ಆರಿಸುತ್ತಿರಲಿಲ್ಲ. ಅದನ್ನು ಕಂಡು ರುದ್ರಮ್ಮ ಒಳಗೊಳಗೇ ಕುಣಿದಳು. ಸೇವಂತಿಗೆಗೆ ಕತ್ತಲು ಬೇಕು. ರಾತ್ರಿಯಿಡೀ ಬೆಳಕು ಬಿದ್ದರೆ ಎಲೆ ಬರುತ್ತದೆಯೇ ಹೊರತು ಮೊಗ್ಗು ಬರುವುದಿಲ್ಲ. ಬೀದಿದೀಪದ ಕೆಳಗೆ ನೆಟ್ಟಿದ್ದ ಸಾಲೊಂದು ಅವಳಿಗೆ ಎಂದೋ ಈ ಪಾಠ ಕಲಿಸಿತ್ತು.

ದೀಪಾವಳಿ ಹತ್ತಿರ ಬಂದಾಗ ಚಿಕ್ಕಬಸಪ್ಪನೇ ಹುಡುಕಿಕೊಂಡು ಬಂದ. "ರುದ್ರಮ್ಮಾ, ಗಿಡ ಸೊಂಟದ ಮಟ ಐತೆ, ಒಂದು ಮೊಗ್ಗಿಲ್ಲ. ಏನು ಮಾಡ್ಲಿ?"

"ಕಾಯ್ರಿ ಭಾವ, ಬರ್ತಾವೆ. ಕಳ್ಳರ ಕಾಲ, ಲೈಟ್ ಮಾತ್ರ ಆರಿಸ್ಬೇಡ್ರಿ."

ಹಬ್ಬ ಹೋಯಿತು, ಕಾರ್ತಿಕವೂ ಮುಗಿಯಿತು. ರೋಸಿಹೋದ ಚಿಕ್ಕಬಸಪ್ಪ ಗಿಡ ಹರಗಲು ಟ್ರ್ಯಾಕ್ಟರ್ ತರಿಸಿದ. ರುದ್ರಮ್ಮ ಬದುವಿನ ಮೇಲೆ ಬಂದು ನಿಂತಳು. ಅವ್ವ ಕೊಟ್ಟ ತಳಿ ಉಳಿದಿದ್ದುದು ಅಲ್ಲಿ ಮಾತ್ರ. ನಾಲ್ಕು ಬುಡ ಕೇಳಿದರೆ ಕೊಟ್ಟಾನು. ಆದರೆ ಅವನೇನು ದಡ್ಡನೇ? ಅನುಮಾನ ಬಂದು ಟ್ರ್ಯಾಕ್ಟರ್ ನಿಲ್ಲಿಸಿಬಿಡುತ್ತಾನೆ. ಆಮೇಲೆ ಹೂವು ಅವನದು, ಗೆಲುವೂ ಅವನದು. ಅವಳು ಸೆರಗು ಕಚ್ಚಿ ನಿಂತಳು. ಸಾಲಿಗೆ ಸಾಲು ಮಣ್ಣಾಯಿತು. ಕಣ್ಣೀರು ಸುರಿಯುತ್ತಿದ್ದರೂ ಅವಳು ತುಟಿ ಬಿಚ್ಚಲಿಲ್ಲ.

ಕೊನೆಯ ಸಾಲು ಮುಗಿದ ಮೇಲೆ ಹತ್ತಿರ ಹೋದಳು. "ಲೈಟ್ ಆರಿಸಿದ್ರೆ ತಿಂಗಳೊಳಗೆ ಮೊಗ್ಗು ಬರ್ತಿತ್ತು ಭಾವ. ಕತ್ತಲಿಲ್ದೆ ಅದು ಹೂ ಬಿಡಲ್ಲ."

ಚಿಕ್ಕಬಸಪ್ಪ ಹಣೆ ಚಚ್ಚಿಕೊಂಡ. "ಅಯ್ಯೋ ನಿನ್ನ! ಒಂದು ಮಾತು ಹೇಳಬಾರದಿತ್ತೇನಮ್ಮಾ?"

"ನಮ್ಮವ್ವನ್ನ ಮಣ್ಣು ಮಾಡೋಕೆ ಹೋದಾಗ ಕಿತ್ಕೊಂಡ್ರಲ್ಲ, ಆವಾಗ ನೀವು ಒಂದು ಮಾತು ಕೇಳಿದ್ರಾ?"