ಬಲಗಡೆ ಬಿದ್ದ ಹೂವು

ಅಮ್ಮನವರ ಬಲಭುಜದ ಹೂವೇ ಮೊದಲು ಬಿದ್ದಿತ್ತು. ಮನೆಗೆ ಬಂದು ನಾನು ಎಡಗಡೆಯದು ಅಂದುಬಿಟ್ಟೆ. ಮಾಡಿದ ತಪ್ಪು ಇಷ್ಟೇ — ಇಷ್ಟೇ ಅಂತ ಬರೆಯುವುದಕ್ಕೂ ನಾಚಿಕೆ, ಯಾಕೆಂದರೆ ಆ ಒಂದು ಮಾತಿನಿಂದ ಒಡಹುಟ್ಟಿದ ಇಬ್ಬರು ಇಷ್ಟು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಮ್ಮ ಯಜಮಾನರದು ಬಾಗಿಲು, ಕಿಟಕಿ, ಚೌಕಟ್ಟು ಮಾಡುವ ಕಸುಬು. ಕೃಷ್ಣಮೂರ್ತಿಪುರಂನಲ್ಲಿ ಮನೆ, ಮನೆಗೆ ಅಂಟಿಕೊಂಡೇ ಶೀಟು ಹೊದಿಸಿದ ಶೆಡ್ಡು. ಜೊತೆಗೆ ಅವರ ತಮ್ಮ, ನನ್ನ ಮೈದುನ ಶಿವು. ಮರದ ಹೊಟ್ಟು ಎಲ್ಲಿರಲಿಲ್ಲ ಕೇಳಿ — ಅಕ್ಕಿ ಡಬ್ಬದಲ್ಲಿ, ಕುಂಕುಮದ ಬಟ್ಟಲಲ್ಲಿ, ಒಗೆದು ಹರವಿದ ಸೀರೆಯ ಮೇಲೆ. ಬಚ್ಚಲ ಒಲೆಗೆ ಸೌದೆ ಕೊಳ್ಳುವ ಕಷ್ಟ ಇರಲಿಲ್ಲ, ಅದೊಂದು ಪುಣ್ಯ. ಗಿರಾಕಿಗಳೋ, ಬಾಗಿಲು ನಿಲ್ಲಿಸುವ ಮುಹೂರ್ತ ಇಟ್ಟುಕೊಂಡು ಚೌಕಟ್ಟು ಒಯ್ಯಲು ಬಂದವರು, ವಾಸ್ತು ಹೇಳುವವರು ಅಳತೆ ಬದಲಾಯಿಸಿದ್ದಾರೆ ಅಂತ ನಮ್ಮ ಹಜಾರದಲ್ಲೇ ಕೂತುಬಿಡುವರು. ಕಾಫಿ ನಾನು ಕೊಡಬೇಕು, ಗೊಣಗಾಟವನ್ನೂ ನಾನೇ ಕೇಳಬೇಕು.

ಇನ್ನು ಯಜಮಾನರ ಸ್ವಭಾವ. ಮರದ ವಿಷಯ ಬಿಟ್ಟರೆ ಬೇರೆ ಯಾವುದಕ್ಕೂ ಸ್ವಂತ ತೀರ್ಮಾನ ಅನ್ನುವುದಿಲ್ಲ. ಹೊಸ ಗರಗಸ ತರಬೇಕಾ, ಹೂ ಕೇಳು. ಇನ್ನೊಬ್ಬ ಆಳು ಬೇಕಾ, ಹೂ ಕೇಳು. ಬೀದಿಯ ಕೊನೆಗೆ ಅಮ್ಮನವರ ಗುಡಿ. ಪೂಜಾರಿ ಅಮ್ಮನ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಕೇಳಿಕೊಂಡು ಬರುವ ಕೆಲಸ ಮಾತ್ರ ನನ್ನದು. ಬೆಳಗ್ಗೆ ಮೆಷಿನ್ ಬಿಟ್ಟು ಬರಕ್ಕಾಗಲ್ಲ ಅನ್ನುವುದು ಅವರ ನೆಪ.

ಒಂದು ದಿನ ಶಿವು ದೊಡ್ಡ ಯೋಜನೆ ತಂದ. ಮೇಟಗಳ್ಳಿಯಲ್ಲಿ ದೊಡ್ಡ ಶೆಡ್ಡು ಸಿಕ್ಕಿದೆ, ರೆಡಿ ಬಾಗಿಲು ಮಾಡುವ ಮೆಷಿನ್ ಹಾಕೋಣ, ಈ ಮನೆ ಬಾಡಿಗೆಗೆ ಕೊಟ್ಟು ಎಲ್ಲರೂ ಶೆಡ್ಡಿನ ಮೇಲಿನ ಎರಡು ರೂಮಿಗೆ ಹೋಗೋಣ ಅಂದ. ಕೆಲಸದವರ ಊಟದ ಮಾತು ಬಂತು. "ಅತ್ತಿಗೆ ಇದಾರಲ್ಲ, ಅದಕ್ಯಾಕೆ ಯೋಚ್ನೆ," ಅಂದು ನಕ್ಕ. ಯಜಮಾನರೂ ನಕ್ಕರು. ನಾನು ಅಲ್ಲೇ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹೋಗೋಣವೇ ಅಂತ ಅಮ್ಮನನ್ನು ಕೇಳಬೇಕು ಅಂದರು. ನನ್ನನ್ನು ಯಾರೂ ಕೇಳಲಿಲ್ಲ.

ಮಾರನೇ ಬೆಳಗ್ಗೆ ತಟ್ಟೆ ಹಿಡಿದು ಗುಡಿಗೆ ಹೋದೆ. ಎಡಗಡೆ ಕೊಡು ತಾಯಿ, ಎಡಗಡೆ ಕೊಡು ಅಂತಲೇ ನಿಂತಿದ್ದೆ. ಬಿಳಿ ಕಣಗಿಲೆ, ಬಲಭುಜದಿಂದ ಜಾರಿ ನೇರ ಪೀಠಕ್ಕೆ ಬಿತ್ತು. ಪೂಜಾರಿ ನಗುತ್ತಾ ಅದನ್ನು ನನ್ನ ಕೈಗೇ ಕೊಟ್ಟರು. ಆ ಹೂವನ್ನು ಮನೆಗೆ ತಂದವಳು ಒಳಗೆ ಹೋಗುವ ಮೊದಲು ತುಳಸಿ ಕಟ್ಟೆಯ ಮಣ್ಣಿನಲ್ಲಿ ಒತ್ತಿಬಿಟ್ಟೆ —

"ಅಮ್ಮ ಏನಂದ್ಲು?" ಅಂದರು ಯಜಮಾನರು.

"ಎಡಗಡೆ ಕಣ್ರೀ."

ಅವರು ಸರಿ ಬಿಡು ಅಂತ ಕೀಸುಳಿ ಹಿಡಿದು ಹಲಗೆಯ ಮುಂದೆ ನಿಂತುಬಿಟ್ಟರು. ಶಿವು ಬಿಡಲಿಲ್ಲ. "ಅತ್ತಿಗೆ ಸರಿಯಾಗಿ ನೋಡಿದ್ರಾ, ಇನ್ನೊಂದ್ಸಲ ಕೇಳಣ್ಣ," ಅಂದ. ಯಾವತ್ತೂ ದನಿ ಏರಿಸದ ಯಜಮಾನರು ಅವತ್ತು ಏರಿಸಿದರು: "ನಿಮ್ಮತ್ತಿಗೆ ನನ್ನ ಹತ್ರ ಬೇಕಾದ್ರೆ ಜಗಳ ಆಡ್ತಾಳೆ. ಅಮ್ಮನ ಮಾತಲ್ಲಿ ಸುಳ್ಳು ಹೇಳಲ್ಲ. ಹಂಗನ್ನೋನು ನನ್ನ ಮನೇಲಿ ಇರೋದು ಬೇಡ." ಶಿವು ಬಟ್ಟೆ ಕಟ್ಟಿಕೊಂಡು ಹೋದ. ನಾನು ಅಡುಗೆಮನೆ ಬಾಗಿಲು ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು ಆಗ. ಆಡಲಿಲ್ಲ.

ಅವನು ಒಬ್ಬನೇ ಮೇಟಗಳ್ಳಿಯಲ್ಲಿ ಕಾರ್ಖಾನೆ ಹಾಕಿ ಬೆಳೆದ. ಈಗ ಊರಿನವರೆಲ್ಲ ರೆಡಿ ಬಾಗಿಲನ್ನೇ ಕೊಳ್ಳುತ್ತಾರೆ. ನಮ್ಮ ಶೆಡ್ಡಿನಲ್ಲಿ ವಾರಕ್ಕೊಂದು ಚೌಕಟ್ಟು ಎದ್ದರೆ ಹೆಚ್ಚು. ಇವರು ಮಾತ್ರ ಒಂದು ದಿನವೂ ಕೊರಗಲಿಲ್ಲ. ಅಮ್ಮ ಬೇಡ ಅಂದಮೇಲೆ ಮುಗೀತು, ಅವಳಿಗೆ ಗೊತ್ತಿರುತ್ತೆ, ಅನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆಯಾದರೂ ಅನುಮಾನ ಪಡಬಾರದೇ ಈ ಮನುಷ್ಯ — ಹೀಗೂ ನಂಬುವುದುಂಟೇ? ಸುಳ್ಳು ಹೇಳಿದವಳಿಗೆ ನಂಬಿದವರ ಮೇಲೆ ಸಿಟ್ಟು. ಈಗ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮೊನ್ನೆ ಶಿವು ನನಗೆ ಫೋನ್ ಮಾಡಿದ. ಗೋಕುಲಂನಲ್ಲಿ ಯೋಗ ಕಲಿಸುವವರೊಬ್ಬರು ಹೊಸ ಕಟ್ಟಡ ಕಟ್ಟುತ್ತಿದ್ದಾರಂತೆ, ಎಲ್ಲ ಬಾಗಿಲೂ ತೇಗದಲ್ಲಿ, ಕೈಕೆಲಸದಲ್ಲೇ ಆಗಬೇಕಂತೆ. "ಅಣ್ಣ ಬಂದು ನಿಂತ್ಕೊಂಡ್ರೆ ಸಾಕು ಅತ್ತಿಗೆ. ನಾನೇ ಕೇಳಿದೆ ಅನ್ನಿ," ಅಂದ. ಹೇಳಿದೆ. ಇವರ ಮುಖ ಅರಳಿತು. ಅರಳಿದ ಮುಖದಲ್ಲೇ ಒಳಗೆ ಹೋಗಿ ತಟ್ಟೆಗೆ ತೆಂಗಿನಕಾಯಿ ಇಟ್ಟು ತಂದು ನನ್ನ ಮುಂದೆ ಹಿಡಿದರು. ಹೂ ಕೇಳಿಕೊಂಡು ಬಾ ಅಂದರು.

ನನಗೆ ರೇಗಿಹೋಯಿತು. ಇವರ ಮೇಲೋ, ನನ್ನ ಮೇಲೋ, ಇಷ್ಟು ವರ್ಷ ಸುಮ್ಮನೆ ನೋಡಿಕೊಂಡಿದ್ದ ಅಮ್ಮನ ಮೇಲೋ — ಗೊತ್ತಿಲ್ಲ. ತಟ್ಟೆ ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ತುಳಸಿ ಕಟ್ಟೆಯ ಹೂವಿನ ತನಕ.

ಬೈಯಲಿಲ್ಲ. ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತೋ. ಅಂಗಿಯ ಮೇಲಿನ ಹೊಟ್ಟು ಕೊಡವಿಕೊಂಡರು. ಆಮೇಲೆ ಮೆತ್ತಗೆ ಕೇಳಿದರು:

"ಹಂಗಾದ್ರೆ ಅಮ್ಮ ನಂಗೆ ಹೂಂ ಅಂದಿದ್ಲಾ?"

 

ನನ್ನನ್ನು ಯಾರೂ ಕೇಳಲಿಲ್ಲ ಅಂತ ಮೇಲೆ ಬರೆದೆ. ನಿಜ. ಆದರೆ ನನಗೆ ಬಾಯಿ ಇರಲಿಲ್ಲವೇ? ನಾನು ಬರಲ್ಲ ಅಂತ ಒಗ್ಗರಣೆ ಸೌಟು ಹಿಡಿದೇ ಹೇಳಬಹುದಿತ್ತು. ಜಗಳ ಆಗುತ್ತಿತ್ತು, ಮುಗಿಯುತ್ತಿತ್ತು. ನನ್ನ ‘ಬೇಡ’ ಅನ್ನುವ ಮಾತನ್ನು ಅಮ್ಮನ ಬಾಯಿಗೆ ಹಾಕಿದೆ.

ತೆಂಗಿನಕಾಯಿ ಅಡುಗೆಮನೆಗೆ ವಾಪಸ್ಸು ಹೋಗಿದೆ. ನಾಳೆ ಮೇಟಗಳ್ಳಿಗೆ ಹೋಗುತ್ತೇವೆ. ನೀನೇ ಹೇಳಬೇಕು ಅವನಿಗೆ ಅಂದಿದ್ದಾರೆ. ಕರೆದುಕೊಂಡು ಹೋಗುತ್ತಿದ್ದಾರಲ್ಲ, ಅದೇ ದೊಡ್ಡದು. ಸಮಾಧಾನದ ಮಾತು ಯಾವುದನ್ನೂ ಜೋಡಿಸಿಟ್ಟುಕೊಂಡಿಲ್ಲ. ಅವನ ಕಾರ್ಖಾನೆಯ ಬಾಗಿಲಲ್ಲಿ ನಿಂತು, ಅವನು ಒಳಗೆ ಬನ್ನಿ ಅನ್ನುವುದಕ್ಕೆ ಮುಂಚೆಯೇ ಹೇಳಬೇಕು — ನೀನು ಕೇಳಿದ್ದು ಸರಿ ಶಿವು, ಹೂ ಬಲಗಡೆ ಬಿದ್ದಿತ್ತು.