ಎರಡನೇ ಗಿಳಿ ತರುವ ಮಾತು

ಗೆಳೆಯರೇ, ಮಲಪನಗುಡಿಯ ನಮ್ಮ ಟೈಲರ್ ಅಂಗಡಿಗೆ ಬಂದವರನ್ನು "ಬರ್ರಿ, ಕುಂದ್ರಿ" ಎಂದು ಕರೆಯುವುದು ಬಾಗಿಲಲ್ಲಿರುವ ಗಿಳಿ. ಹೊಲಿಯುವವನು ನಾನು; ಹೊಸಬರೊಡನೆ ನನಗೆ ಮಾತು ಹೊರಡುವುದಿಲ್ಲ.

ಇವತ್ತು ಬೆಳಿಗ್ಗೆ ಅಣ್ಣ, "ಗಿಳಿ ಒಂದ ಐತಿ, ಪಾಪ. ಹೊಸಪ್ಯಾಟಿಯಿಂದ ಇನ್ನೊಂದು ತರ್ತೀನಿ" ಎಂದ.

ಅವ್ವ ಒಪ್ಪಲಿಲ್ಲ. "ಬ್ಯಾಡ. ಜೋಡಿ ಸಿಕ್ಕರ ಅದು ನಮ್ಮ ಕೂಡ ಮಾತಾಡೋದು ಬಿಡ್ತೈತಿ. ಆಮ್ಯಾಲೆ ಗಿರಾಕಿನ ಕರಿಯೋರ್ಯಾರು, ಇವನಾ?" ಎಂದು ನನ್ನ ಕಡೆ ಕೈ ತೋರಿಸಿದಳು.

ಅಷ್ಟರಲ್ಲಿ ಒಬ್ಬ ಹೆಂಗಸು ರವಿಕೆ ಬಟ್ಟೆ ಹಿಡಿದು ಬಂದರು. ಗಿಳಿಯ ಬಾಯಲ್ಲಿ ಮೆಣಸಿನಕಾಯಿ ಇತ್ತು. ಎಲ್ಲರೂ ನನ್ನನ್ನೇ ನೋಡಿದರು. ಕಷ್ಟಪಟ್ಟು "ಬರ್ರಿ" ಎಂದೆ. ಮುಂದಿನದು ಬರಲಿಲ್ಲ. ಗಿಳಿ ಮೆಣಸಿನಕಾಯಿ ಕೆಳಗೆ ಬಿಟ್ಟು "ಕುಂದ್ರಿ" ಎಂದಿತು.

"ಜೋಡಿ ಐತಲ್ಲೋ, ಇನ್ನೊಂದು ಯಾಕ?" ಎಂದಳು ಅವ್ವ ಅಣ್ಣನಿಗೆ.

ಹಾಗಾಗಿ ಗಿಳಿ ತರುವುದು ನಿಂತಿತು. ಎರಡನೆಯದು ಈಗ ರವಿಕೆ ಹೊಲಿಯುತ್ತಾ ಕೂತಿದೆ.