ಪುಷ್ಕರನ್ ಪಾಸು ಮಾಡಿದ ಕೊಡೆ

ಆಲಪ್ಪುಳದ ಪುಷ್ಕರನ್ ಪಾಲಿಗೆ ಸೈಕಲ್ ಎಂದರೆ ಒಂದೇ ಕೈಯಲ್ಲಿ ಓಡಿಸುವ ಗಾಡಿ. ಎಡಗೈ ಇರುವುದೇ ಕೊಡೆ ಹಿಡಿಯುವುದಕ್ಕೆ. ಮೂವತ್ತೊಂದು ಮಳೆಗಾಲ ಅವನು ಹೀಗೆ ಮನೆಯಿಂದ ಕೊಡೆ ಕಂಪನಿಗೆ ನಾಲ್ಕು ಮೈಲಿ ಹೋಗಿ, ನಾಲ್ಕು ಮೈಲಿ ಬಂದಿದ್ದಾನೆ. ಎದುರುಗಾಳಿ ಇದ್ದರೆ ಕೊಡೆಯನ್ನು ಮುಂದಕ್ಕೆ ಬಗ್ಗಿಸಿ, ಅಂಚಿನ ಕೆಳಗೆ ಕಾಣುವ ಮೂರು ಮಾರು ರಸ್ತೆಯನ್ನೇ ನಂಬಿ ತುಳಿಯಬೇಕು. ಬಸ್ಸಿನ ಸದ್ದು ಕೇಳಿದರೆ ಕೆಸರು ಹಾರುವ ಮೊದಲೇ ಕೊಡೆ ಬಲಕ್ಕೆ ವಾಲಬೇಕು. ನೀರು ನಿಂತ ಗುಂಡಿಗಳು ಎಲ್ಲೆಲ್ಲಿವೆ ಎಂಬುದು ಕಣ್ಣಿಗೆ ಕಾಣದಿದ್ದರೂ ಕೂತ ಜಾಗಕ್ಕೆ ಗೊತ್ತಿರಬೇಕು. ಪಂಚೆ ಎತ್ತಿ ಕಟ್ಟಿ, ಚಪ್ಪಲಿಯನ್ನು ಹ್ಯಾಂಡಲ್ಲಿಗೆ ನೇತುಹಾಕಿ, ಇಷ್ಟೆಲ್ಲ ವಿದ್ಯೆ ತೋರಿಸಿದ ಮೇಲೂ ಅವನು ಸೊಂಟದಿಂದ ಕೆಳಗೆ ತೊಯ್ದು ತೊಪ್ಪೆಯಾಗಿಯೇ ಇಳಿಯುತ್ತಿದ್ದ. "ತಲೆ ಒದ್ದೆಯಾಗಿಲ್ವಲ್ಲ!" ಎನ್ನುವುದು ಅವನ ವಾದ. "ಆ ತಲೇಲಿ ಕೆಟ್ಟುಹೋಗೋಂಥದ್ದು ಏನಿದೆ?" ಎನ್ನುವುದು ಹೆಂಡತಿ ವಿಲಾಸಿನಿಯ ಪ್ರಶ್ನೆ.

ಕಂಪನಿ ಎಂದರೆ ಮಹಾ ಕಂಪನಿಯೇನಲ್ಲ. ಧಣಿ ಈಪ್ಪಚ್ಚನ್ ಮುದಲಾಳಿಯ ಹೆಂಚಿನ ಶೆಡ್ಡು, ಹದಿನಾಲ್ಕು ಹೊಲಿಗೆ ಯಂತ್ರ, ಕಡ್ಡಿ ಜೋಡಿಸುವ ಒಂದು ಉದ್ದನೆಯ ಮೇಜು. ಆದರೆ ಅಲ್ಲೊಂದು ಪದ್ಧತಿ ಇತ್ತು. ಹೊಸ ಬಗೆಯ ಕೊಡೆ ತಯಾರಾದರೆ ಮೊದಲನೆಯದು ಪುಷ್ಕರನ್ ಕೈಗೆ. ಮೂರು ದಿನ ಅವನು ಅದನ್ನು ಹಿಡಿದು ಸೈಕಲ್ಲಿನಲ್ಲಿ ಮಳೆಯಲ್ಲಿ ಓಡಾಡಬೇಕು. ನಾಲ್ಕನೆಯ ದಿನ ಮುದಲಾಳಿ ಬಾಗಿಲಲ್ಲಿ ನಿಂತು, "ಪುಷ್ಕರಾ, ಪಾಸಾ?" ಎಂದು ಕೇಳುವರು. "ಪಾಸು" ಎಂದರೆ ಲಾರಿ ಹೊರಟಿತು. "ಇಲ್ಲ" ಎಂದರೆ ಹದಿನಾಲ್ಕೂ ಯಂತ್ರ ನಿಂತವು. ಇದಕ್ಕೆ ಅವನಿಗೆ ಕಾಸು ಜಾಸ್ತಿ ಇರಲಿಲ್ಲ, ಗತ್ತು ಮಾತ್ರ ಬೇಕಾದಷ್ಟಿತ್ತು. ಮಳೆಕೋಟು ಹಾಕಿಕೊಂಡವರನ್ನು ದಾರಿಯಲ್ಲಿ ಕಂಡರೆ, "ಮನುಷ್ಯನೋ, ಗಂಟುಮೂಟೆಯೋ?" ಎಂದು ಕೂಗಿ ಹೇಳುವಷ್ಟು ಗತ್ತು.

ಆ ವರ್ಷ ಅವನ ಎಡ ಭುಜ ಕೈಕೊಟ್ಟಿತು. ಕೈ ಎದೆಯಿಂದ ಮೇಲೆ ಏಳಲೊಲ್ಲದು. ಎಣ್ಣೆ ತಿಕ್ಕಿ ತಿಕ್ಕಿ ಸಾಕಾಗಿ ವಿಲಾಸಿನಿ ಒಂದು ದಿನ ಪೇಟೆಗೆ ಹೋಗಿ ನೀಲಿ ಬಣ್ಣದ ಮಳೆಕೋಟು ತಂದು ಗೂಟಕ್ಕೆ ನೇತುಹಾಕಿದಳು.

"ನಾನು ಕೊಡೆ ಕಂಪನಿಯವ್ನು ಕಣೇ! ಇದನ್ನ ಹಾಕ್ಕೊಂಡು ಗೇಟ್ ಒಳಗೆ ಹೆಂಗೆ ಹೋಗ್ಲಿ?"

"ಗೇಟ್ ತನಕ ಹಾಕ್ಕೊಳ್ಳಿ, ಗೇಟಲ್ಲಿ ಬಿಚ್ಚಿ. ರಾತ್ರಿಯೆಲ್ಲಾ ನರಳೋದನ್ನ ಕೇಳೋಳು ನಾನು, ನಿಮ್ಮ ಮುದಲಾಳಿಯಲ್ಲ."

ಅದೇ ವಾರ ಮುದಲಾಳಿ ಹೊಸ ಕೊಡೆ ಕೊಟ್ಟರು. ಜೂನ್ ಒಂದಕ್ಕೆ ಶಾಲೆ ಶುರು, ಮಕ್ಕಳ ಕೊಡೆ ಆರುನೂರು ತಯಾರಾಗುತ್ತಿದ್ದವು. ಗುಲಾಬಿ ಬಣ್ಣ, ಅಂಚಿಗೆ ನೆರಿಗೆ, ಮೈಯೆಲ್ಲ ಬಾತುಕೋಳಿ ಮರಿಗಳು, ಹಿಡಿಯ ತುದಿಗೆ ಊದುವ ಪೀಪಿ. ಅದನ್ನು ಹಿಡಿದು, ಹುರಿಮೀಸೆಯ ಐವತ್ತೇಳರ ಪುಷ್ಕರನ್ ಮೊದಲ ದಿನ ಸೈಕಲ್ ಹತ್ತಿದ. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಬಸ್ ಸ್ಟಾಪಿನ ಕಾಲೇಜು ಹುಡುಗಿಯರು, "ಅಂಕಲ್, ಯಾವ ಕ್ಲಾಸು?" ಎಂದು ಕೇಳಿಯೇಬಿಟ್ಟರು. ಭುಜ ಬೇರೆ ಸುಡುತ್ತಿತ್ತು. ಮೀನುಪೇಟೆಯ ತಿರುವಿನಲ್ಲಿ ಅವನು ಇಳಿದ, ಅತ್ತಿತ್ತ ನೋಡಿದ, ಚೀಲದಿಂದ ನೀಲಿ ಮಳೆಕೋಟು ತೆಗೆದು ತೊಟ್ಟ.

ಅಬ್ಬಾ, ಏನು ಸುಖ ಅದು! ಎರಡು ಕೈಯೂ ಹ್ಯಾಂಡಲ್ ಮೇಲೆ, ಎರಡು ಬ್ರೇಕೂ ಕೈಯಲ್ಲಿ, ಕಣ್ಣಿಗೆ ಇಡೀ ರಸ್ತೆ. ಆ ರಸ್ತೆಯಲ್ಲಿ ಅಷ್ಟೊಂದು ತೆಂಗಿನಮರಗಳಿವೆ ಎಂದು ಮಳೆಗಾಲದಲ್ಲಿ ಅವನಿಗೆ ಗೊತ್ತಾದದ್ದೇ ಆವತ್ತು. ಕಂಪನಿಯ ಹತ್ತಿರದ ತಿರುವಿನಲ್ಲಿ ಮಳೆಕೋಟನ್ನು ಸುತ್ತಿ ಚೀಲಕ್ಕೆ ತುರುಕಿದ. ಕೊಡೆ ಒಣಗಿಯೇ ಇದೆಯಲ್ಲ ಎಂಬುದು ಆಗ ಹೊಳೆಯಿತು. ರಸ್ತೆ ಬದಿಯಲ್ಲಿ ಹರಿಯುವ ತೋಡಿಗಿಳಿದು, ಮಗುವಿಗೆ ಸ್ನಾನ ಮಾಡಿಸುವಂತೆ ಕೊಡೆಯನ್ನು ಎರಡು ಸಲ ಮುಳುಗಿಸಿ ಎತ್ತಿದ. ತಾನೂ ಪಂಚೆಯ ಅಂಚನ್ನು ನೆನೆಸಿಕೊಂಡ. ಮೂರು ದಿನವೂ ಇದೇ ಪೂಜೆ. ಬುಧವಾರ ಮುದಲಾಳಿ, "ಪಾಸಾ?" ಎಂದು ಕೇಳಿದಾಗ ಪುಷ್ಕರನ್ ಮೀಸೆ ತೀಡುತ್ತ, "ಪಾಸು" ಎಂದ. ಮುದಲಾಳಿ ಖುಷಿಯಾಗಿ, ಮನೆಯಲ್ಲಿ ಮಕ್ಕಳಿದ್ದವರಿಗೆಲ್ಲ ಒಂದೊಂದು ಕೊಡೆ ಹಂಚಿದರು.

ಪುಷ್ಕರನ್ ಮನೆಯಲ್ಲಿ ಮೊಮ್ಮಗಳು ಮಾಳು ಇದ್ದಳು. ಒಂದನೇ ಕ್ಲಾಸಿಗೆ ಸೇರುವವಳು. ಆ ರಾತ್ರಿ ಕೊಡೆಯ ಜೊತೆಯಲ್ಲೇ ಮಲಗಿದಳು.

ಗುರುವಾರ ಬೆಳಿಗ್ಗೆ ಆಕಾಶ ತೂತು ಬಿದ್ದಂತೆ ಮಳೆ, ಜೊತೆಗೆ ಹಿನ್ನೀರಿನ ಕಾಯಲಿನ ಕಡೆಯಿಂದ ಗಾಳಿ. ಪುಷ್ಕರನ್ ಗಂಜಿ ಕುಡಿಯುತ್ತಿದ್ದ. ಹೊರಗಿನಿಂದ ಪೀಪಿಯ ಸದ್ದು ಕೇಳಿತು. ನೋಡಿದರೆ ಮಾಳು ಕೊಡೆ ಬಿಚ್ಚಿಕೊಂಡು ಅಂಗಳ ದಾಟಿ ತೋಡಿನ ಹತ್ತಿರ ಹೋಗಿದ್ದಾಳೆ. ಆಚೆ ಮನೆಯ ಗೆಳತಿಗೆ ಕೊಡೆ ತೋರಿಸಬೇಕು, ತೋಡಿಗೆ ಅಡ್ಡಲಾಗಿ ಎರಡು ತೆಂಗಿನ ಮರದ ಸೇತುವೆ, ಕೆಳಗೆ ನೀರು ತುಂಬಿ ಹರಿಯುತ್ತಿದೆ.

"ಮೋಳೇ, ನಿಲ್ಲು! ಹೆಜ್ಜೆ ಇಟ್ರೆ ನೋಡು!" ಎಂದು ಕಿರುಚುತ್ತ ಎಂಜಲು ಕೈಯಲ್ಲೇ ಓಡಿ, ಮಗುವನ್ನು ಕೊಡೆ ಸಮೇತ ಬಾಚಿ ಎತ್ತಿಕೊಂಡು ಬಂದ.

"ಅಪ್ಪೂಪ್ಪಾ, ನನ್ ಕೊಡೆ!" ಎಂದು ಮಾಳು ರಚ್ಚೆ ಹಿಡಿದಳು.

ವಿಲಾಸಿನಿ ಹೊರಗೆ ಬಂದಳು. "ದಿನಾ ಆ ಸೇತುವೆ ದಾಟೋ ಮಗು ಅದು. ಈವತ್ತೇನು ಬಂತು ನಿಮ್ಗೆ?"

"ಗಾಳಿ ಇದೆ. ಕೊಡೆ ಎಳ್ಕೊಂಡು ಹೋದ್ರೆ?"

"ಯಾಕೆ ಎಳ್ಕೊಂಡು ಹೋಗುತ್ತೆ? ನೀವೇ ಪಾಸು ಮಾಡಿದ ಕೊಡೆ ಅಲ್ವಾ?"

ಪುಷ್ಕರನ್ ಕೊಡೆಯ ಕಡೆ ನೋಡಿದ. ತನ್ನ ಮೊಮ್ಮಗಳ ಕೈಗೆ ಕೊಡಲು ತನಗೇ ಧೈರ್ಯವಿಲ್ಲದ ಕೊಡೆಗಳು ಆರುನೂರು, ಹತ್ತು ಗಂಟೆಗೆ ಲಾರಿ ಹತ್ತುತ್ತವೆ. ಆರುನೂರು ಮಕ್ಕಳು, ಆರುನೂರು ತೋಡುಗಳು. ಗಡಿಯಾರ ನೋಡಿದರೆ ಒಂಬತ್ತು. ಅಳುತ್ತಿದ್ದ ಮಗುವಿನ ಕೈಯಿಂದ ಕೊಡೆ ಕಸಿದುಕೊಂಡು ಸೈಕಲ್ ಹತ್ತಿದ. ಮಳೆಕೋಟು ಗೂಟದಲ್ಲೇ ಉಳಿಯಿತು.

ಭುಜ ಪ್ರಾಣ ಹಿಂಡಿತು. ಆದರೂ ಕೈ ಇಳಿಸಲಿಲ್ಲ. ಎಡಗೈಯಲ್ಲಿ ಕೊಡೆ, ಬಲಗೈ ಬ್ರೇಕಿನ ಮೇಲೆ, ಬೆಲ್ ಬಾರಿಸಲು ಮೂರನೆಯ ಕೈ ಇಲ್ಲ. ಹಾಗಾಗಿ ಪೀಪಿಯನ್ನು ಹಲ್ಲಲ್ಲಿ ಕಚ್ಚಿ ಪೀ ಪೀ ಎಂದು ಊದುತ್ತ ಹೋದ. ಬಸ್ ಸ್ಟಾಪಿನ ಹುಡುಗಿಯರು ಈ ಸಲ ಏನನ್ನೂ ಕೇಳಲಿಲ್ಲ, ಸುಮ್ಮನೆ ದಾರಿ ಬಿಟ್ಟರು. ಎರಡು ಮೈಲಿ ಕೊಡೆ ಗಟ್ಟಿಯಾಗಿ ನಿಂತಿತು. "ನೋಡು, ನಾನು ಹೇಳಿದ್ದು ಸುಳ್ಳೇನಲ್ಲ" ಎಂದು ತನಗೇ ಹೇಳಿಕೊಂಡ. ಅಷ್ಟು ಹೇಳಿಕೊಂಡದ್ದೇ ತಡ, ಮೀನುಪೇಟೆಯ ತಿರುವಿನಲ್ಲಿ ಗಾಳಿ ಬದಿಯಿಂದ ಬಡಿಯಿತು. ಕೊಡೆಯನ್ನು ಬಿಚ್ಚಿ ನಿಲ್ಲಿಸುವ ಸ್ಪ್ರಿಂಗು ಟಕ್ಕೆಂದು ಜಾರಿತು. ಬಾತುಕೋಳಿಗಳೆಲ್ಲ ಒಟ್ಟಿಗೆ ಅವನ ಮುಖಕ್ಕೆ ಮುಚ್ಚಿಕೊಂಡವು. ಕಣ್ಣು ಕಾಣದೆ, ಪೀಪಿ ಊದುತ್ತಲೇ, ಸೈಕಲ್ ಸಮೇತ ರಸ್ತೆ ಬದಿಯ ನೀರಿಗೆ ಬಿದ್ದ. ನೀರು ಮೊಣಕಾಲಿನಷ್ಟೇ ಇತ್ತು. ಎದ್ದು ಕೂತು ಮೊದಲು ನೆನೆದದ್ದು ಮಾಳುವಿನ ಎತ್ತರವನ್ನು.

ಕಂಪನಿಯ ಗೇಟಿನಲ್ಲಿ ಲಾರಿಯ ಎಂಜಿನ್ ಸದ್ದು ಮಾಡುತ್ತಿತ್ತು. ಡ್ರೈವರ್ ಹಗ್ಗ ಬಿಗಿಯುತ್ತಿದ್ದ. ಪುಷ್ಕರನ್ ಸೈಕಲ್ಲನ್ನು ಲಾರಿಯ ಮುಂದೆ ಅಡ್ಡ ಮಲಗಿಸಿ ನಿಂತ. ಮೈಯೆಲ್ಲ ಕೆಸರು, ಹೆಗಲ ಮೇಲೆ ಪಾಚಿ.

ಕಡ್ಡಿ ಜೋಡಿಸುವ ತಂಕಚ್ಚನ್ ಮೊದಲು ನೋಡಿದ. "ಪುಷ್ಕರನ್ ಚೇಟ್ಟಾ, ದೋಣಿ ಬಿಟ್ಟು ಈಜ್ಕೊಂಡು ಬಂದ್ರಾ?"

ಪುಷ್ಕರನ್ ನಗಲಿಲ್ಲ. ಬಾಗಿಲಿಗೆ ಬಂದ ಮುದಲಾಳಿಯ ಮುಂದೆ ಮುದುಡಿದ ಕೊಡೆ ಹಿಡಿದ. "ಲಾರಿ ಬೇಡ ಮುದಲಾಳಿ. ಸ್ಪ್ರಿಂಗು ಜಾರುತ್ತೆ."

"ನಿನ್ನೆ ಪಾಸು ಅಂದ್ಯಲ್ಲೋ!"

"ಸುಳ್ಳು ಹೇಳ್ದೆ. ಮೂರು ದಿನಾನೂ ಮಳೆಕೋಟು ಹಾಕ್ಕೊಂಡು ಬಂದೆ. ಕೊಡೇನ ತೋಡಲ್ಲಿ ಅದ್ದಿದ್ದೆ."

ಹದಿನಾಲ್ಕು ಯಂತ್ರಗಳೂ ನಿಂತವು. ಅಷ್ಟು ನಾಚಿಕೆ ಪುಷ್ಕರನ್‌ಗೆ ಮದುವೆಯ ದಿನವೂ ಆಗಿರಲಿಲ್ಲ. ಈಪ್ಪಚ್ಚನ್ ಕೊಡೆಯನ್ನು ತೆಗೆದುಕೊಂಡು ಬಿಚ್ಚಿದರು, ಅಲ್ಲಾಡಿಸಿದರು. ಎರಡನೆಯ ಸಲ ಅಲ್ಲಾಡಿಸಿದಾಗ ಅದು ಅವರ ಕೈಮೇಲೂ ಮುಚ್ಚಿಕೊಂಡಿತು.

"ಇಳಿಸ್ರೋ ಎಲ್ಲಾ" ಎಂದರು. ಪುಷ್ಕರನ್ ಕಡೆ ತಿರುಗಿದರು. ಬೈಯುತ್ತಾರೆಂದು ಎಲ್ಲರೂ ಕಾದರು. "ಮೂವತ್ತೊಂದು ವರ್ಷದಲ್ಲಿ ಒಂದು ಸಲಾನೂ ನಾನು ಬಿಚ್ಚಿ ನೋಡಿಲ್ಲ ಕಣೋ. ನೀನು ಹೇಳಿದ್ಯಲ್ಲಾ ಅಂತ." ಅಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಪುಷ್ಕರನ್‌ಗೆ ಹಗುರವಾಗುತ್ತಿತ್ತು. ಇಡೀ ದಿನ ತಲೆ ಎತ್ತದೆ, ಒದ್ದೆ ಬಟ್ಟೆಯಲ್ಲೇ ಕೂತು, ಎಲ್ಲರ ಜೊತೆ ಆರುನೂರು ಸ್ಪ್ರಿಂಗು ಬಿಚ್ಚಿ ಗಟ್ಟಿಯವನ್ನು ಕೂರಿಸಿದ.

ಸಂಜೆ ತಂಕಚ್ಚನ್ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ. "ಅಲ್ಲ ಚೇಟ್ಟಾ, ಮಳೆಕೋಟು ಹಾಕ್ಕೊಂಡು ಮೇಲೆ ಕೊಡೇನೂ ಹಿಡೀಬೌದಿತ್ತಲ್ಲಾ? ಬೇಡ ಅಂದೋರ್ಯಾರು?"

ಪುಷ್ಕರನ್ ಅವನನ್ನೇ ದಿಟ್ಟಿಸಿ ನೋಡಿದ. ಎರಡನ್ನೂ ಒಟ್ಟಿಗೆ ಯೋಚಿಸುವ ಬುದ್ಧಿ ಆ ಒಣಗಿದ ತಲೆಗೆ ಒಂದು ದಿನವೂ ಬಂದಿರಲಿಲ್ಲ.

ಶುಕ್ರವಾರ ಮಳೆ ಇನ್ನೂ ಜೋರಾಗಿತ್ತು. ನೀಲಿ ಮಳೆಕೋಟು ತೊಟ್ಟು, ನೋವಿಲ್ಲದ ಬಲಗೈಯಲ್ಲಿ ರಿಪೇರಿಯಾದ ಗುಲಾಬಿ ಕೊಡೆ ಎತ್ತಿ ಹಿಡಿದು, ಪುಷ್ಕರನ್ ಯಾವ ತಿರುವಿನಲ್ಲೂ ಇಳಿಯದೆ ನೇರವಾಗಿ ಗೇಟಿನೊಳಗೇ ಬಂದ. ಹೊಲಿಗೆಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ, "ಮನುಷ್ಯನೋ, ಗಂಟುಮೂಟೆಯೋ?" ಎಂದು ಕೂಗಿದರು. ಅವನು ಅದನ್ನು ಕೇಳಿಸಿಕೊಂಡು ತಲೆದೂಗಿದ.

ಲಾರಿ ಮತ್ತೆ ತುಂಬಿ ನಿಂತಿತ್ತು. ಡ್ರೈವರ್ ಗೊಣಗುತ್ತಿದ್ದ. ಮುದಲಾಳಿ ಬಾಗಿಲಿಗೆ ಬಂದರು. ಕೇಳುವರೋ ಇಲ್ಲವೋ ಎಂದು ಪುಷ್ಕರನ್ ಅವರ ಬಾಯನ್ನೇ ನೋಡಿದ.

"ಪುಷ್ಕರಾ, ಪಾಸಾ?"

ಅವನು ಕೊಡೆ ಮಡಿಸುತ್ತ ಹೇಳಿದ. "ಇನ್ನೂ ಇಲ್ಲ ಮುದಲಾಳಿ. ಬರೋವಾಗ ಗಾಳಿ ಬೆನ್ನ ಹಿಂದಿತ್ತು. ಸಂಜೆ ವಾಪಸ್ ಹೋಗ್ವಾಗ ಎದುರಿಗಿರುತ್ತೆ. ನಾಳೆ ಹೇಳ್ತೀನಿ."

ಡ್ರೈವರ್ ಹಣೆ ಹಣೆ ಚಚ್ಚಿಕೊಂಡ. ಈಪ್ಪಚ್ಚನ್ ಮುದಲಾಳಿ ಅವನಿಗೆ ಎಂಜಿನ್ ಆರಿಸಲು ಹೇಳಿದರು.